ಕ್ಯಾಂಪರ್ ವ್ಯಾನ್‌ಗೆ ಹೊರಗಿನ ಕರೆಂಟ್: ಪಾಯಿಂಟ್, ಅಡಾಪ್ಟರ್, ಅರ್ತಿಂಗ್

ಮೈಸೂರು–ಮಂಡ್ಯ ಸುತ್ತ ವ್ಯಾನಿನಲ್ಲಿ ತಿರುಗಿ ಅದರಲ್ಲೇ ಮಲಗುವವರಿಗೆ ಹೊರಗಿನ ಕರೆಂಟ್ ಸಿಗುವುದು ಬಹುಪಾಲು ಗೋಡೆಯ ಮೇಲಿನ ಸಾಕೆಟ್ಟಿನಿಂದಲೇ. ಶ್ರೀರಂಗಪಟ್ಟಣದ ಹೊಳೆ ಪಕ್ಕದ ಹೋಂಸ್ಟೇ, ಕೆಆರ್‌ಎಸ್ ಹಿನ್ನೀರಿನ ತೋಟದ ಮನೆ, ಮೇಲುಕೋಟೆಯ ಛತ್ರದ ಅಂಗಳ, ಮೈಸೂರಿನ ಹೋಟೆಲ್ ಪಾರ್ಕಿಂಗ್, ಎಲ್ಲಿ ಹೋದರೂ ಒಂದು ಸ್ವಿಚ್‌ಬೋರ್ಡ್ ತೋರಿಸಿ ‘ಇಲ್ಲೇ ಹಾಕ್ಕೊಳಿ ಸಾ’ ಅನ್ನುತ್ತಾರೆ. ಆ ಪಾಯಿಂಟಿನ ಹಿಂದೆ ಎಷ್ಟು ದಪ್ಪದ ವೈರ್ ಇದೆ, ಯಾವ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇದೆ, ಅರ್ತ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ತಂತಿ) ಇದೆಯೋ ಇಲ್ಲವೋ ಅನ್ನುವುದು ತೋರಿಸಿದವರಿಗೂ ಗೊತ್ತಿರುವುದಿಲ್ಲ. ಅದನ್ನು ನಾವೇ ಪತ್ತೆ ಮಾಡಬೇಕು. ಅಡಾಪ್ಟರ್ ಅನ್ನುವ ವಸ್ತು ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ. ಹಿಂದಿನ ವೈರಿಗೆ ಹೊಸ ತಾಕತ್ತನ್ನೂ ಕೊಡುವುದಿಲ್ಲ, ಇಲ್ಲದ ಅರ್ತನ್ನೂ ತಂದುಕೊಡುವುದಿಲ್ಲ.

ಸಿಗುವ ಪಾಯಿಂಟುಗಳು

6 ಆಂಪಿಯರಿನ ಸಣ್ಣ ಮೂರು ಪಿನ್ನಿನ ಸಾಕೆಟ್ ಎಲ್ಲ ಕಡೆ ಇರುತ್ತದೆ. ಲೆಕ್ಕದಲ್ಲಿ 230 × 6 = 1380 ವ್ಯಾಟ್. ರಾತ್ರಿಯಿಡೀ ಎಳೆಯುವುದಾದರೆ 1100 ವ್ಯಾಟ್ ದಾಟಬೇಡಿ. ಹಿಂದಿರುವುದು ಸಾಮಾನ್ಯವಾಗಿ 1 ಅಥವಾ 1.5 ಸ್ಕ್ವೇರ್ ಎಂಎಂ ವೈರ್, ಅದೇ ವೈರಿನಲ್ಲಿ ವರಾಂಡದ ದೀಪ, ಫ್ಯಾನ್, ಇನ್ನೆರಡು ಪಾಯಿಂಟ್. ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. ಎಷ್ಟೋ ಮನೆಗಳಲ್ಲಿ ಈ 6 ಆಂಪಿಯರ್ ಸಾಕೆಟ್ ಕೂತಿರುವುದು 16 ಆಂಪಿಯರ್ ಎಂಸಿಬಿ ಕೆಳಗೆ. ನೀವು 12 ಆಂಪಿಯರ್ ಎಳೆದರೆ ಎಂಸಿಬಿಗೆ ಏನೂ ಅನ್ನಿಸುವುದಿಲ್ಲ, ಸಾಕೆಟ್ ಮಾತ್ರ ಕರಗುತ್ತದೆ.

16 ಆಂಪಿಯರಿನ ದೊಡ್ಡ ‘ಪವರ್ ಪ್ಲಗ್’ ಸಾಕೆಟ್ ಗೀಸರ್, ಎಸಿ, ವಾಷಿಂಗ್ ಮೆಷಿನ್ ಹತ್ತಿರ ಇರುತ್ತದೆ. ಲೆಕ್ಕಕ್ಕೆ 3680 ವ್ಯಾಟ್, ನೆಚ್ಚಿಕೊಳ್ಳಲು 2900. ವ್ಯಾನಿಗೆ ಕೇಳಬೇಕಾದದ್ದು ಇದನ್ನೇ. ಹೋಟೆಲುಗಳ ಹಿಂದೆ ಲಾಂಡ್ರಿ ಅಥವಾ ಅಡುಗೆಮನೆ ಬಾಗಿಲ ಬಳಿ ಒಂದಾದರೂ ಸಿಗುತ್ತದೆ.

ನೀಲಿ ಬಣ್ಣದ ದುಂಡನೆಯ ಇಂಡಸ್ಟ್ರಿಯಲ್ ಸಾಕೆಟ್ ಹೊಸ ರೆಸಾರ್ಟುಗಳಲ್ಲಿ, ಮದುವೆ ಲಾನುಗಳಲ್ಲಿ, ಜನರೇಟರ್ ಪಕ್ಕದಲ್ಲಿ ಕಾಣುತ್ತದೆ. ನೀಲಿ, ಮೂರು ಪಿನ್ ಅಂದರೆ ಸಿಂಗಲ್ ಫೇಸ್ 230 ವೋಲ್ಟ್. ಯುರೋಪಿನ ಕ್ಯಾರವಾನ್ ತಾಣಗಳಲ್ಲಿ ಇರುವುದೂ ಇದೇ 16 ಆಂಪಿಯರಿನದು. ಅದೇ ಆಕಾರದಲ್ಲಿ ಕೆಂಪು ಬಣ್ಣ, ಐದು ಪಿನ್ ಇದ್ದರೆ ಅದು 415 ವೋಲ್ಟಿನ ತ್ರೀ ಫೇಸ್. ಅದರ ತಂಟೆಗೆ ಹೋಗಬೇಡಿ.

ಯೂಟ್ಯೂಬಿನ ಅಮೆರಿಕನ್ ವಿಡಿಯೋ ನೋಡಿ ಆನ್‌ಲೈನಿನಲ್ಲಿ ‘30 ಆಂಪ್’, ‘50 ಆಂಪ್’ ಅಡಾಪ್ಟರ್ ತರಿಸುವವರಿದ್ದಾರೆ. ಅಲ್ಲಿನ 30 ಆಂಪ್ ಅಂದರೆ 120 ವೋಲ್ಟಿನಲ್ಲಿ 3600 ವ್ಯಾಟ್, ಹೆಚ್ಚೂಕಮ್ಮಿ ನಮ್ಮ 16 ಆಂಪಿಯರ್ ಸಾಕೆಟ್ಟಿನಷ್ಟೇ. 50 ಆಂಪಿನಲ್ಲಿ 120 ವೋಲ್ಟಿನ ಎರಡು ಲೈನ್ ಇರುತ್ತವೆ, ಒಟ್ಟು 12,000 ವ್ಯಾಟ್. ಆವರ್ತನವೂ 60 ಹರ್ಟ್ಸ್, ನಮ್ಮದು 50. ಆ ಪಿನ್ನುಗಳು ನಮ್ಮಲ್ಲಿ ಎಲ್ಲೂ ಕೂರುವುದಿಲ್ಲ. ಅಲ್ಲಿನ ಸರ್ಜ್ ಪ್ರೊಟೆಕ್ಟರನ್ನು 230 ವೋಲ್ಟಿಗೆ ಹಾಕಿದರೆ ಅದು ಮೊದಲ ಸಲವೇ ಸುಟ್ಟುಹೋಗುತ್ತದೆ.

ಕಿಟ್ ಹೊಂದಿಸುವುದು

ಅನುಕೂಲವಾದ ಪದ್ಧತಿ ಹೀಗೆ: ವ್ಯಾನ್, ಉದ್ದ ಕೇಬಲ್, ರಕ್ಷಣೆಯ ಡಬ್ಬ (ಗೋಡೆಯ ತುಂಡಿಗೂ ಉದ್ದ ಕೇಬಲ್ಲಿಗೂ ನಡುವೆ ಕೂರುವ, ಸೋರಿಕೆ ಕಂಡರೆ ಕರೆಂಟ್ ಕಡಿಯುವ ಡಬ್ಬ) ಎಲ್ಲವೂ ನೀಲಿ 16 ಆಂಪಿಯರ್ ಇಂಡಸ್ಟ್ರಿಯಲ್ ಪ್ಲಗ್ಗಿನಲ್ಲಿರಲಿ. ಗೋಡೆಯ ಸಾಕೆಟ್ಟಿಗೆ ಹೊಂದಿಕೊಳ್ಳಲು ಮಾತ್ರ ಎರಡು ಗಿಡ್ಡ ತುಂಡುಗಳು. ಮೈಸೂರಿನಲ್ಲಿ ಹೆಬ್ಬಾಳ, ಮೇಟಗಳ್ಳಿ ಕಡೆಯ ಕಾರ್ಖಾನೆಗಳಿಗೆ ಸಾಮಾನು ಕೊಡುವ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ‘ನೀಲಿ ಇಂಡಸ್ಟ್ರಿಯಲ್, 16 ಆಂಪ್ ಮೂರು ಪಿನ್, ಐಪಿ 44’ ಎಂದು ಕೇಳಿ. ಬೇಕಾಗುವುದು:

– ನೀಲಿ ಪ್ಲಗ್ (ಪಿನ್ ಇರುವುದು) 2, ನೀಲಿ ಕಪ್ಲರ್ (ತೂತು ಇರುವುದು) 3, ಡಬ್ಬದ ಮೇಲೆ ಕೂರುವ ನೀಲಿ ಸಾಕೆಟ್ 1, ವ್ಯಾನಿನ ಬದಿಗೆ ಮುಚ್ಚಳವಿರುವ ನೀಲಿ ಇನ್‌ಲೆಟ್ 1
– 16 ಆಂಪಿಯರ್ ಪ್ಲಗ್ ಟಾಪ್ 1, 6 ಆಂಪಿಯರ್ ಪ್ಲಗ್ ಟಾಪ್ 1, ಎರಡೂ ಐಎಸ್‌ಐ ಗುರುತಿನವು, ಹಿತ್ತಾಳೆಯ ಗಟ್ಟಿ ಪಿನ್ನಿನವು
– 16 ಆಂಪಿಯರ್, 30 ಮಿಲಿಆಂಪಿಯರ್, ಡಬಲ್ ಪೋಲ್ ಆರ್‌ಸಿಬಿಒ 2 (ಒಂದು ಡಬ್ಬಕ್ಕೆ, ಒಂದು ವ್ಯಾನಿನೊಳಗೆ; ಕರೆಂಟ್ ಸೋರಿದರೂ ಮಿತಿ ಮೀರಿದರೂ ಬಿದ್ದು, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್ ಇದು)
– 6 ಆಂಪಿಯರ್ ಡಬಲ್ ಪೋಲ್ ಎಂಸಿಬಿ 1, ಅದಕ್ಕೊಂದು ಚಿಕ್ಕ ನೀರು ನುಗ್ಗದ ಡಬ್ಬ
– 2.5 ಸ್ಕ್ವೇರ್ ಎಂಎಂ, ಮೂರು ಕೋರ್ ತಾಮ್ರದ ಫ್ಲೆಕ್ಸಿಬಲ್ ಕೇಬಲ್ 27 ಮೀಟರ್ (25 ಉದ್ದ ಕೇಬಲ್ಲಿಗೆ, ಉಳಿದದ್ದು ತುಂಡುಗಳಿಗೆ), 1.5 ಸ್ಕ್ವೇರ್ ಎಂಎಂ ಮೂರು ಕೋರ್ 1 ಮೀಟರ್
– ಕೇಬಲ್ ಗ್ಲ್ಯಾಂಡ್ 3, ಫೆರೂಲ್ (ತಂತಿಯ ಎಳೆಗಳ ತುದಿಗೆ ತೊಡಿಸುವ ಸಣ್ಣ ಲೋಹದ ಕೊಳವೆ) ಒಂದು ಪ್ಯಾಕೆಟ್, ಅದನ್ನು ಒತ್ತುವ ಕ್ರಿಂಪಿಂಗ್ ಟೂಲ್

ತುಂಡು ಒಂದು: 16 ಆಂಪಿಯರ್ ಪ್ಲಗ್ ಟಾಪ್, ಅರ್ಧ ಮೀಟರ್ 2.5 ಕೇಬಲ್, ಕೊನೆಗೆ ನೀಲಿ ಕಪ್ಲರ್. ತುಂಡು ಎರಡು: 6 ಆಂಪಿಯರ್ ಪ್ಲಗ್ ಟಾಪ್, 1.5 ಕೇಬಲ್, ನಡುವೆ 6 ಆಂಪಿಯರ್ ಎಂಸಿಬಿ ಡಬ್ಬ, ಕೊನೆಗೆ ನೀಲಿ ಕಪ್ಲರ್. ಇದಕ್ಕೆ 1.5 ಯಾಕೆಂದರೆ ಸಣ್ಣ ಪ್ಲಗ್ ಟಾಪಿನ ಕುತ್ತಿಗೆಯಲ್ಲಿ 2.5 ಕೇಬಲ್ ತೂರುವುದೇ ಕಷ್ಟ. ತೂರಿಸಿದರೂ ಮುಚ್ಚಳ ಕೂರುವುದಿಲ್ಲ. ಆ 6 ಆಂಪಿಯರ್ ಎಂಸಿಬಿಯನ್ನು ಮಾತ್ರ ಉಳಿತಾಯದ ಲೆಕ್ಕದಲ್ಲಿ ಬಿಡಬೇಡಿ. ಗೋಡೆಯ ಕಡೆ 16 ಆಂಪಿಯರ್ ಎಂಸಿಬಿ ಇದ್ದರೂ ಸಾಕೆಟ್ಟನ್ನು ಉಳಿಸುವುದು ಇದೊಂದೇ. ಅಂಗಡಿಯಲ್ಲಿ ಸಿಗುವ 16ರಿಂದ 6ಕ್ಕೆ ಇಳಿಸುವ ಬಿಳಿ ಕನ್ವರ್ಟರ್ ಪ್ಲಗ್ಗಿನಲ್ಲಿ ಇಂಥ ತಡೆ ಇರುವುದಿಲ್ಲ, ಅದಕ್ಕೇ ಅದು ಹಳದಿ ತಿರುಗಿ ವಾಸನೆ ಬರುತ್ತದೆ. ಎಲ್ಲ ದೇಶದ ಪಿನ್ನೂ ಹಿಡಿಸುವ ‘ಯೂನಿವರ್ಸಲ್’ ಅಡಾಪ್ಟರ್ ಮೊಬೈಲ್ ಚಾರ್ಜರಿಗೆ ಸರಿ, ವ್ಯಾನಿಗೆ ಬೇಡ. ಅದರ ಅರ್ತ್ ಪಟ್ಟಿ ಎಷ್ಟೋ ಸಲ ಪಿನ್ನಿಗೆ ತಾಗುವುದೇ ಇಲ್ಲ.

ಪ್ಲಗ್ ಟಾಪ್ ಕಟ್ಟುವಾಗ ಹೊರ ಹೊದಿಕೆಯನ್ನು ಕ್ಲ್ಯಾಂಪಿನ ಒಳಗೆ ಬರುವಷ್ಟು ಬಿಟ್ಟು ಸುಲಿಯಿರಿ. ಎಳೆದಾಗ ಜಗ್ಗುವುದು ಹೊದಿಕೆ ಆಗಬೇಕು, ಸ್ಕ್ರೂಗೆ ಕಚ್ಚಿದ ತಂತಿ ಆಗಬಾರದು. ಕಂದು ತಂತಿ (ಫೇಸ್) ಎಲ್‌ಗೆ, ನೀಲಿ (ನ್ಯೂಟ್ರಲ್) ಎನ್‌ಗೆ, ಹಳದಿ-ಹಸಿರು (ಅರ್ತ್) ಮೇಲಿನ ದಪ್ಪ ಪಿನ್ನಿಗೆ. ಅರ್ತ್ ತಂತಿಯನ್ನು ಉಳಿದೆರಡಕ್ಕಿಂತ ಒಂದೆರಡು ಸೆಂಟಿಮೀಟರ್ ಉದ್ದವಾಗಿಯೇ ಬಿಡಿ. ಕ್ಲ್ಯಾಂಪ್ ಸಡಿಲಾಗಿ ಕೇಬಲ್ ಜಗ್ಗಿಬಂದರೆ ಕೊನೆಗೆ ಕಿತ್ತುಬರುವುದು ಅರ್ತ್ ಆಗಿರುತ್ತದೆ. ಎಳೆಗಳ ತುದಿಗೆ ಫೆರೂಲ್ ಒತ್ತಿ ಸ್ಕ್ರೂ ಬಿಗಿಯಿರಿ. ತುದಿಗೆ ಸೋಲ್ಡರ್ ಹಾಕುವ ಅಭ್ಯಾಸ ಕೆಲವರಿಗಿದೆ. ಅದು ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗಿ ಸಡಿಲಾಗುತ್ತದೆ, ಸಡಿಲಾದ ಜಾಗ ಬಿಸಿಯಾಗುತ್ತದೆ. ಹೊಸ ಪ್ಲಗ್ಗನ್ನು ಮೊದಲ ಸಲ ಬಳಸಿದ ಮೇಲೆ ಬಿಚ್ಚಿ ಇನ್ನೊಮ್ಮೆ ಬಿಗಿ ಮಾಡಿ. ವ್ಯಾನಿನೊಳಗಿನ ಎಂಸಿಬಿ ಸ್ಕ್ರೂಗಳನ್ನು ಆಗಾಗ ನೋಡುತ್ತಿರಬೇಕು, ರಸ್ತೆ ಕುಲುಕಿಗೆ ಅವು ಬಿಟ್ಟುಕೊಳ್ಳುತ್ತವೆ.

ಕೇಬಲ್‌ನ ಎರಡೂ ತುದಿಗೆ ಪಿನ್ ಇರುವ ಪ್ಲಗ್ ಹಾಕಿದ ವಸ್ತುವನ್ನು ಯಾರೇ ಕೊಟ್ಟರೂ ಮುಟ್ಟಬೇಡಿ. ಒಂದು ತುದಿ ಸಾಕೆಟ್ಟಿನಲ್ಲಿದ್ದರೆ ಇನ್ನೊಂದು ತುದಿಯ ಬರಿ ಪಿನ್ನಿನಲ್ಲಿ 230 ವೋಲ್ಟ್ ಕೂತಿರುತ್ತದೆ. ಕರೆಂಟ್ ಕೊಡುವ ಕಡೆ ಯಾವಾಗಲೂ ತೂತು, ತೆಗೆದುಕೊಳ್ಳುವ ಕಡೆ ಪಿನ್.

ಕೇಬಲ್ ಬಗ್ಗೆ ಇನ್ನೆರಡು ಮಾತು. 1.5 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ವೈರಿನ ರೋಧ ಕಿಲೋಮೀಟರಿಗೆ ಸುಮಾರು 13.3 ಓಮ್, 2.5ರದ್ದು ಸುಮಾರು 8. 25 ಮೀಟರ್ ಕೇಬಲ್ಲಿನಲ್ಲಿ ಹೋಗಿ ಬರುವ ದಾರಿ 50 ಮೀಟರ್. 13 ಆಂಪಿಯರ್ ಎಳೆದರೆ 1.5ರಲ್ಲಿ 8.6 ವೋಲ್ಟ್ ಬೀಳುತ್ತದೆ, 2.5ರಲ್ಲಿ 5.2. ವೋಲ್ಟ್ ಬಿದ್ದದ್ದು ಎಲ್ಲೂ ಹೋಗಿರುವುದಿಲ್ಲ: 1.5ರ ಕೇಬಲ್ಲಿನೊಳಗೆ 110 ವ್ಯಾಟ್ ಬರಿ ಶಾಖವಾಗಿರುತ್ತದೆ. ನೆಲದ ಮೇಲೆ ಉದ್ದಕ್ಕೆ ಹರಡಿದ್ದರೆ ಆ ಶಾಖ ಗಾಳಿಗೆ ಹೋಗುತ್ತದೆ. ಡ್ರಮ್ಮಿಗೆ ಸುತ್ತಿದ್ದಂತೆಯೇ ಬಳಸಿದರೆ ಒಳಸುತ್ತುಗಳು ಕರಗಿ ಒಂದಕ್ಕೊಂದು ಅಂಟುತ್ತವೆ. ಐದು ಮೀಟರ್ ಸಾಕಾಗಿದ್ದರೂ ಪೂರ್ತಿ ಬಿಚ್ಚಿ, ವ್ಯಾನಿನ ಅಡಿಯಲ್ಲಿ ಅಂಕುಡೊಂಕಾಗಿ ಹಾಸಿ.

ಮಂಡ್ಯ ಕಡೆ ಎಕ್ಸ್‌ಟೆನ್ಷನ್ ಕೇಳಿದರೆ ಸಬ್‌ಮರ್ಸಿಬಲ್ ಮೋಟಾರಿನ ಚಪ್ಪಟೆ ಕೇಬಲ್ ಎತ್ತಿಕೊಡುತ್ತಾರೆ. ತಾಮ್ರ ಒಳ್ಳೆಯದೇ, ನೀರಿಗೂ ಹೆದರದು. ಆದರೆ ಅದರೊಳಗಿರುವುದು ಕೆಂಪು, ಹಳದಿ, ನೀಲಿ. ಹಸಿರು ಇಲ್ಲ. ಕಟ್ಟಿದವನು ಯಾವುದನ್ನು ಅರ್ತ್ ಮಾಡಿದ್ದಾನೋ ಆ ದೇವರೇ ಬಲ್ಲ. ನಮ್ಮ ಮನೆ ವೈರಿಂಗಿನ ತ್ರೀ ಫೇಸಿನಲ್ಲಿ ನೀಲಿ ಅಂದರೆ ಒಂದು ಫೇಸ್, ನ್ಯೂಟ್ರಲ್ ಕಪ್ಪು. ಫ್ಲೆಕ್ಸಿಬಲ್ ಕೇಬಲ್ಲಿನಲ್ಲಿ ನೀಲಿಯೇ ನ್ಯೂಟ್ರಲ್. ಬಣ್ಣ ನಂಬಿ ಜೋಡಿಸುವವರು ಎಡವುವುದು ಇಲ್ಲೇ.

ಪಾಯಿಂಟ್ ಪರೀಕ್ಷೆ

‘ಅರ್ತ್ ಇದೆಯಾ ಅಣ್ಣಾ?’ ಎಂದು ಕೇಳಿದರೆ ‘ಐತೆ ಸಾ, ಮೂರು ತೂತು ಅವಲ್ಲ’ ಎಂಬ ಉತ್ತರ ಬರುತ್ತದೆ. ಮೂರನೇ ತೂತಿನ ಹಿಂದೆ ತಂತಿ ಇದೆಯೋ, ಆ ತಂತಿ ನೆಲ ಮುಟ್ಟಿದೆಯೋ ಅನ್ನುವುದು ಬೇರೆ ಪ್ರಶ್ನೆ. ಏಷ್ಯಾದ ಮೊದಮೊದಲ ಜಲವಿದ್ಯುತ್ ಕೇಂದ್ರಗಳಲ್ಲಿ ಒಂದಾದ ಶಿವನಸಮುದ್ರ ಇದೇ ಮಂಡ್ಯ ಜಿಲ್ಲೆಯಲ್ಲಿದೆ, 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಅಷ್ಟು ಹಳೆಯ ನಂಟಿದ್ದೂ ಅರ್ತಿಂಗ್ ವಿಷಯದಲ್ಲಿ ನಮ್ಮ ಉದಾಸೀನ ಹೋಗಿಲ್ಲ.

ಟೆಸ್ಟರ್ ಸ್ಕ್ರೂಡ್ರೈವರ್ ಫೇಸ್ ಎಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ. ಮೂರು ದೀಪದ ಸಾಕೆಟ್ ಟೆಸ್ಟರ್ ಇನ್ನಷ್ಟು ಹೇಳುತ್ತದೆ, ಆದರೆ ನ್ಯೂಟ್ರಲ್ಲಿಗೂ ಅರ್ತಿಗೂ ಅದಲುಬದಲಾಗಿದ್ದರೆ ಅದಕ್ಕೂ ತಿಳಿಯದು. ಮಲ್ಟಿಮೀಟರ್ ಬೇಕು, ಎಸಿ 600 ಅಥವಾ 750 ವೋಲ್ಟ್ ರೇಂಜಿನಲ್ಲಿ. ಗೋಡೆಯ ಸಾಕೆಟ್ಟಿಗೆ ಶಟರ್ ಇರುವುದರಿಂದ ಮೀಟರಿನ ಕಡ್ಡಿ ಒಳಗೆ ಹೋಗುವುದಿಲ್ಲ. ಅದಕ್ಕೆ ಗಿಡ್ಡ ತುಂಡನ್ನು ಸಾಕೆಟ್ಟಿಗೆ ಹಾಕಿ ಅದರ ನೀಲಿ ಕಪ್ಲರಿನ ತೂತುಗಳಲ್ಲಿ ಅಳೆಯಿರಿ. ಮೂರರಲ್ಲಿ ದೊಡ್ಡ ತೂತು ಅರ್ತ್. ಉಳಿದೆರಡರಲ್ಲಿ ಫೇಸ್ ಯಾವುದು ಎಂದು ಕಟ್ಟುವಾಗಲೇ ಕೆಂಪು ಬಣ್ಣದ ಚುಕ್ಕೆ ಇಟ್ಟುಕೊಂಡಿರಿ.

ಫೇಸ್–ನ್ಯೂಟ್ರಲ್: 210ರಿಂದ 245 ಇದ್ದರೆ ನೆಮ್ಮದಿ. ಫೇಸ್–ಅರ್ತ್: ಹೆಚ್ಚೂಕಮ್ಮಿ ಅಷ್ಟೇ ಬರಬೇಕು. ನ್ಯೂಟ್ರಲ್–ಅರ್ತ್: ಒಂದೆರಡು ವೋಲ್ಟ್ ಸಹಜ, 10 ದಾಟಿದರೆ ಏನೋ ಕೆಟ್ಟಿದೆ. ಚುಕ್ಕೆ ಇಟ್ಟ ತೂತಿಗೂ ಅರ್ತಿಗೂ ಸೊನ್ನೆ ಬಂದು, ನ್ಯೂಟ್ರಲ್ ತೂತಿಗೂ ಅರ್ತಿಗೂ 230 ಬಂದರೆ ಫೇಸ್ ನ್ಯೂಟ್ರಲ್ ಉಲ್ಟಾ ಆಗಿದೆ. ಸಾಕೆಟ್ಟಿಗೆ ಎದುರು ನಿಂತು ನೋಡಿದಾಗ, ಅರ್ತ್ ತೂತು ಮೇಲಿದ್ದರೆ, ಬಲಗಡೆ ಫೇಸ್ ಇರಬೇಕು. ಉಲ್ಟಾ ಇದ್ದರೆ ಗೋಡೆಯ ಸ್ವಿಚ್ ಆಫ್ ಮಾಡಿದರೂ ಕೇಬಲ್ಲಿನಲ್ಲಿ ಕರೆಂಟ್ ನಿಂತಿರುತ್ತದೆ. ವ್ಯಾನಿನಲ್ಲಿ ಡಬಲ್ ಪೋಲ್ ಬ್ರೇಕರ್ ಹಾಕುವುದು ಇದೇ ಕಾರಣಕ್ಕೆ.

ಅರ್ತಿಗೆ 60, 90, 110 ಎಂದು ಓಡಾಡುವ ಅಂಕಿ ಬಂದರೆ ಅರ್ತ್ ತಂತಿ ಎಲ್ಲಿಗೂ ಸೇರಿಲ್ಲ, ಗಾಳಿಯಲ್ಲಿ ತೇಲುತ್ತಿದೆ. ಇದಕ್ಕೆ ವಿರುದ್ಧವಾದ ಸಂಶಯ ನ್ಯೂಟ್ರಲ್–ಅರ್ತ್ ನಡುವೆ ಕರಾರುವಾಕ್ಕಾಗಿ 0.0 ಬಂದಾಗ. ಸಾಕೆಟ್ಟಿನ ಹಿಂದೆಯೇ ನ್ಯೂಟ್ರಲ್ಲಿನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರ್ ಲೂಪ್ ಕೊಟ್ಟಿರಬಹುದು. ಕೆಟ್ಟ ಕೆಲಸ ಅದು. ನ್ಯೂಟ್ರಲ್ ಎಲ್ಲೋ ಕಿತ್ತರೆ ವ್ಯಾನಿನ ಇಡೀ ಬಾಡಿಗೆ 230 ಬರುತ್ತದೆ. ಪರೀಕ್ಷಿಸಲು ಅದೇ ಸಾಲಿನ ಇನ್ನೊಂದು ಪಾಯಿಂಟಿಗೆ ಇಸ್ತ್ರಿಪೆಟ್ಟಿಗೆಯಂಥ ದೊಡ್ಡ ಲೋಡ್ ಹಾಕಿ ಮತ್ತೆ ಅಳೆಯಿರಿ. ನಿಜವಾದ ಅರ್ತ್ ಆಗಿದ್ದರೆ ಒಂದೆರಡು ವೋಲ್ಟಾದರೂ ಏರುತ್ತದೆ, ಲೂಪ್ ಆಗಿದ್ದರೆ ಸೊನ್ನೆಯಲ್ಲೇ ಕೂತಿರುತ್ತದೆ.

ಫೇಸ್–ಅರ್ತ್ ನಡುವೆ ಬಲ್ಬ್ ಹೊತ್ತಿಸಿ ನೋಡುವ ಟೆಸ್ಟ್ ಲ್ಯಾಂಪ್ ಪದ್ಧತಿ ಎಲೆಕ್ಟ್ರಿಷಿಯನ್ನರದು, ಅವರಿಗೇ ಬಿಡಿ. ಅರ್ತ್ ಕೆಟ್ಟಿದ್ದರೆ ಆ ಬಲ್ಬಿನ ಮೂಲಕ ಮನೆಯ ಅರ್ತ್ ತಂತಿಗೆಲ್ಲ ಫೇಸ್ ಹರಿದು, ಒಳಗೆ ಫ್ರಿಜ್ ಬಾಗಿಲು ಹಿಡಿದವರಿಗೆ ಹೊಡೆಯುತ್ತದೆ.

ಇಷ್ಟೆಲ್ಲ ಅರ್ತಿನ ಗೋಜು ಯಾಕೆಂದರೆ ವ್ಯಾನ್ ನಿಂತಿರುವುದು ರಬ್ಬರ್ ಟೈರಿನ ಮೇಲೆ. ಒಳಗೆ ಎಲ್ಲೋ ಫೇಸ್ ಬಾಡಿಗೆ ತಾಗಿದರೆ ಒಳಗಿರುವವರಿಗೆ ಏನೂ ಗೊತ್ತಾಗುವುದಿಲ್ಲ. ಇಡೀ ಬಾಡಿ 230 ವೋಲ್ಟಿನಲ್ಲಿ ಸುಮ್ಮನೆ ನಿಂತಿರುತ್ತದೆ. ಹೊಳೆಯಲ್ಲಿ ಕಾಲು ತೊಳೆದು ಬರಿಗಾಲಲ್ಲಿ ಒದ್ದೆ ಹುಲ್ಲಿನ ಮೇಲೆ ನಿಂತು ಬಾಗಿಲ ಹಿಡಿಕೆ ಮುಟ್ಟುವವನೇ ನೆಲಕ್ಕೆ ದಾರಿ. ಅಷ್ಟು ದೂರ ಹೋಗದೆಯೂ ಒಂದು ಸೂಚನೆ ಸಿಗುತ್ತದೆ: ಹಿಡಿಕೆ ಮುಟ್ಟಿದಾಗ ಜುಮ್ ಅಂದರೆ ಅರ್ತ್ ಇಲ್ಲ ಎಂದೇ ತಿಳಿಯಿರಿ. ಚಾರ್ಜರುಗಳೊಳಗಿನ ಫಿಲ್ಟರ್ ಕೆಪಾಸಿಟರ್ ಮೂಲಕ ಬಾಡಿಗೆ ಸುಮಾರು ಅರ್ಧ ವೋಲ್ಟೇಜ್ ಸೋರಿರುತ್ತದೆ. ‘ಸ್ವಲ್ಪ ಜುಮ್ ಅನ್ನತ್ತೆ ಅಷ್ಟೆ’ ಎಂದು ಚಪ್ಪಲಿ ಹಾಕಿಕೊಂಡು ಸುಧಾರಿಸುವುದು ಪರಿಹಾರವಲ್ಲ, ಪ್ಲಗ್ ತೆಗೆಯಿರಿ.

ಅರ್ತ್ ಇಲ್ಲದ ಕಡೆ

ಮೊದಲ ಆಯ್ಕೆ ಹೊರಗಿನ ಕರೆಂಟೇ ಬೇಡ ಅನ್ನುವುದು. 12.8 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಒಂದರಲ್ಲಿ 1280 ವ್ಯಾಟ್-ಅವರ್ ಇರುತ್ತದೆ. ಫ್ಯಾನ್, ದೀಪ, 12 ವೋಲ್ಟಿನ ಫ್ರಿಜ್, ಮೊಬೈಲಿಗೆ ಒಂದು ರಾತ್ರಿ ಧಾರಾಳ.

ಎರಡು ಮೂರು ದಿನ ಅಲ್ಲೇ ಇರುವುದಾದರೆ ಸ್ವಂತ ಅರ್ತ್ ಕಡ್ಡಿ ಹೂಡಬಹುದು: 16–20 ಮಿಲಿಮೀಟರ್ ದಪ್ಪದ, 1.2 ಮೀಟರ್ ಉದ್ದದ ಜಿಐ (ಸತು ಲೇಪದ ಕಬ್ಬಿಣ) ಅಥವಾ ತಾಮ್ರ ಲೇಪದ ಕಡ್ಡಿ, 4 ಸ್ಕ್ವೇರ್ ಎಂಎಂ ಹಸಿರು ತಂತಿಯಿಂದ ವ್ಯಾನಿನ ಅರ್ತ್ ಪಟ್ಟಿಗೆ. ನಾಲೆ ನೀರು ಹರಿಯುವ ಗದ್ದೆ ಬಯಲಿನ ಕಪ್ಪು ಮಣ್ಣಿನಲ್ಲಿ ಕಡ್ಡಿ ಸಲೀಸಾಗಿ ಇಳಿಯುತ್ತದೆ, ರೋಧವೂ ಕಡಿಮೆ. ಮೇಲುಕೋಟೆಯ ಬಂಡೆಯ ಮೇಲೆ ಅರ್ಧ ಅಡಿಗೇ ನಿಂತುಬಿಡುತ್ತದೆ, ಅಲ್ಲಿ ಈ ಯೋಚನೆ ಬಿಡಿ. ಕಡ್ಡಿ ಹೂಡಿದಾಗ ಆರ್‌ಸಿಬಿಒ ಇರಲೇಬೇಕು. ಕಡ್ಡಿಯ ರೋಧ 200 ಓಮ್ ಎಂದಿಟ್ಟುಕೊಳ್ಳಿ. ಫೇಸ್ ಬಾಡಿಗೆ ತಾಗಿದರೆ ನೆಲಕ್ಕೆ ಹರಿಯುವುದು 1.15 ಆಂಪಿಯರ್. 16 ಆಂಪಿಯರ್ ಎಂಸಿಬಿ ಅದನ್ನು ಗಮನಿಸುವುದೂ ಇಲ್ಲ, ಬಾಡಿ ಲೈವ್ ಆಗಿಯೇ ಇರುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಬಿಒ ತಕ್ಷಣ ಬೀಳುತ್ತದೆ. ಜೊತೆಗೆ ಗೋಡೆಯ ಸಾಕೆಟ್ಟಿನ ಸಂಶಯದ ಅರ್ತನ್ನು ವ್ಯಾನಿಗೆ ತರಬಾರದು. ಅದಕ್ಕೆ ಅರ್ತ್ ಪಿನ್ನಿಗೆ ತಂತಿ ಕೊಡದ ಮೂರನೇ ತುಂಡೊಂದನ್ನು ಕೆಂಪು ಟೇಪ್ ಸುತ್ತಿ ಬೇರೆಯಾಗಿ ಇಡಬೇಕಾಗುತ್ತದೆ. ಕಡ್ಡಿ ಇಲ್ಲದೆ ಆ ತುಂಡು ಹೊರಗೆ ಬರಬಾರದು. ಈ ವ್ಯವಸ್ಥೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ಅಳೆಸಿ, ಮಾಡಿಸಿ.

ಅರ್ತ್ ಇಲ್ಲದಿದ್ದರೂ ಆರ್‌ಸಿಬಿಒ ಬೀಳುತ್ತದಲ್ಲ ಎಂದು ವಾದಿಸುವವರಿದ್ದಾರೆ. ಬೀಳುತ್ತದೆ, ಯಾರೋ ಮುಟ್ಟಿ ಅವರ ಮೈಮೂಲಕ ಕರೆಂಟ್ ಹರಿದ ಮೇಲೆ.

ಪಂಪ್‌ಹೌಸ್

ಕಬ್ಬಿನ ಗದ್ದೆ ಪಕ್ಕ ವ್ಯಾನ್ ನಿಲ್ಲಿಸಿದಾಗ ಹತ್ತಿರದಲ್ಲಿರುವ ಕರೆಂಟ್ ಅಂದರೆ ಮೋಟಾರ್ ಮನೆ. ‘ಸ್ಟಾರ್ಟರಿನಿಂದ ಎರಡು ವೈರ್ ಎಳೆದುಕೊಡ್ತೀನಿ’ ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಬೇಡ ಅನ್ನಿ. ಸ್ಟಾರ್ಟರಿನಲ್ಲಿ ಎರಡು ಫೇಸ್ ನಡುವೆ 415 ವೋಲ್ಟ್. ಎಷ್ಟೋ ಪಂಪ್‌ಸೆಟ್ ಲೈನಿಗೆ ನ್ಯೂಟ್ರಲ್ ತಂತಿಯೇ ಬಂದಿರುವುದಿಲ್ಲ, ಒಂದು ಫೇಸ್ ಹಿಡಿದು ನೆಲದ ಕಡ್ಡಿಯನ್ನೇ ನ್ಯೂಟ್ರಲ್ ಮಾಡಿ ಬಲ್ಬ್ ಹೊತ್ತಿಸಿರುತ್ತಾರೆ. ಬಲ್ಬಿಗೆ ನಡೆದದ್ದು ವ್ಯಾನಿಗೆ ನಡೆಯದು: ಲೋಡ್ ಬಿದ್ದೊಡನೆ ವೋಲ್ಟೇಜ್ ಕುಸಿದು, ಆ ಕಡ್ಡಿಯ ಸುತ್ತಲಿನ ನೆಲವೇ ಲೈವ್ ಆಗುತ್ತದೆ. ಕೆಪಾಸಿಟರ್ ಕನ್ವರ್ಟರ್ ಹಾಕಿ ಎರಡು ಫೇಸಿನಲ್ಲಿ ಮೋಟಾರ್ ಓಡಿಸುವಾಗಲಂತೂ ಮೂರನೇ ತಂತಿಯಲ್ಲಿ ಎಷ್ಟು ವೋಲ್ಟ್ ಇದೆ ಎಂದು ಹೇಳಲು ಬರುವುದಿಲ್ಲ. ಪಂಪ್‌ಸೆಟ್ಟಿಗೆ ಕೊಟ್ಟ ಉಚಿತ ವಿದ್ಯುತ್ತನ್ನು ಬೇರೆ ಕೆಲಸಕ್ಕೆ ಬಳಸಿದರೆ ದಂಡ ತೆರುವವರು ರೈತರೇ.

ಜೋಡಿಸುವ ಕ್ರಮ

ವ್ಯಾನಿನೊಳಗೆ ಮೇನ್ ಆಫ್, ಎಲ್ಲ ಉಪಕರಣ ಆಫ್. ಪಾಯಿಂಟ್ ಪರೀಕ್ಷೆ ಮುಗಿಸಿ ಗೋಡೆಯ ಸ್ವಿಚ್ ಆಫ್ ಮಾಡಿ. ಉದ್ದ ಕೇಬಲನ್ನು ಮೊದಲು ವ್ಯಾನಿನ ಇನ್‌ಲೆಟ್ಟಿಗೆ ಹಾಕಿ, ಆಮೇಲೆ ಡಬ್ಬಕ್ಕೆ, ಕೊನೆಯಲ್ಲಿ ಡಬ್ಬವನ್ನು ಗೋಡೆಯ ತುಂಡಿಗೆ. ಹೀಗೆ ಮಾಡಿದರೆ ಕರೆಂಟ್ ಇರುವ ತುದಿಯನ್ನು ಕೈಯಲ್ಲಿ ಹಿಡಿದು ಅಂಗಳ ದಾಟುವ ಪ್ರಸಂಗ ಬರುವುದಿಲ್ಲ. ಸ್ವಿಚ್ ಆನ್ ಮಾಡಿ, ಡಬ್ಬದ ಆರ್‌ಸಿಬಿಒದ ಟೆಸ್ಟ್ ಬಟನ್ ಒತ್ತಿ. ಬೀಳಲೇಬೇಕು. ಬೀಳದ ಆರ್‌ಸಿಬಿಒ ಬರಿ ಅಲಂಕಾರ. ಮತ್ತೆ ಏರಿಸಿ, ವ್ಯಾನಿನ ಮೇನ್ ಹಾಕಿ, ಒಂದೊಂದೇ ಲೋಡ್ ಸೇರಿಸಿ. ರಕ್ಷಣೆಯ ಡಬ್ಬ ಗೋಡೆಯ ಕಡೆಯೇ ಇರಬೇಕು. ವ್ಯಾನಿನ ಕಡೆ ಇಟ್ಟರೆ ದನ ತುಳಿದ, ಗೇಟಿನಡಿ ಸಿಕ್ಕ 25 ಮೀಟರ್ ಕೇಬಲ್ಲಿಗೆ ರಕ್ಷಣೆಯೇ ಇರುವುದಿಲ್ಲ. ಡಬ್ಬವನ್ನೂ ಕಪ್ಲರುಗಳನ್ನೂ ನೆಲದಿಂದ ಎತ್ತಿ ಇಟ್ಟಿಗೆಯ ಮೇಲಿಡಿ ಅಥವಾ ಕಿಟಕಿ ಸರಳಿಗೆ ಕಟ್ಟಿ. ಐಪಿ 44 ಮಳೆ ಎರಚಲನ್ನು ತಡೆಯುತ್ತದೆ, ನಿಂತ ನೀರನ್ನಲ್ಲ.

ಅರ್ಧ ಗಂಟೆ ಬಿಟ್ಟು ಗೋಡೆಯ ಪ್ಲಗ್ಗನ್ನು ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಮುಟ್ಟಿ ಹಿಡಿದುಕೊಳ್ಳಲಾಗದಷ್ಟು ಬಿಸಿಯಾಗಿದ್ದರೆ ಸಾಕೆಟ್ಟಿನ ಹಿತ್ತಾಳೆ ತುಟಿಗಳು ಸಡಿಲಾಗಿವೆ. ಲೋಡ್ ಇಳಿಸಿ ಅಥವಾ ಪಾಯಿಂಟ್ ಬದಲಿಸಿ. ಎಂಸಿಬಿ ನೋಡಿಕೊಳ್ಳುತ್ತದೆ ಎಂದು ಬಿಡಬೇಡಿ. ಸಡಿಲ ಜೋಡಣೆ ಅದಕ್ಕೆ ಕಾಣುವುದಿಲ್ಲ. 16ರ ಎಂಸಿಬಿ 18 ಆಂಪಿಯರಿನಲ್ಲಿ ಒಂದು ಗಂಟೆ ಬೀಳದೆ ನಿಲ್ಲುವಂತೆಯೇ ತಯಾರಾಗಿರುತ್ತದೆ. ಗಂಟೆಯೊಳಗೆ ಖಂಡಿತ ಬೀಳಬೇಕಾದದ್ದು 23ರಲ್ಲಿ.

ಎಷ್ಟು ಎಳೆಯಬಹುದು

ಸಣ್ಣ ಸಾಕೆಟ್ಟಿನಲ್ಲಿ: ಟ್ಯೂಬುಲರ್ ಬ್ಯಾಟರಿಯ ಚಾರ್ಜರ್ ಸುಮಾರು 250 ವ್ಯಾಟ್, ಫ್ರಿಜ್ 60, ಫ್ಯಾನ್ 50, ಲ್ಯಾಪ್‌ಟಾಪ್ 65, ದೀಪ 20. ಒಟ್ಟು 450ರ ಆಸುಪಾಸು, ಆರಾಮ. ಮಿಕ್ಸಿಯನ್ನು ಎರಡು ನಿಮಿಷ ಸೇರಿಸಬಹುದು. 1500 ವ್ಯಾಟಿನ ಕೆಟಲ್, ಇಂಡಕ್ಷನ್ ಒಲೆ, ನೀರು ಕಾಯಿಸುವ ಕಾಯಿಲ್, ಎಸಿ ಬೇಡ.

ದೊಡ್ಡ ಸಾಕೆಟ್ಟಿನಲ್ಲಿ: ಒಂದು ಟನ್ ಎಸಿ 1200, 40 ಆಂಪಿಯರಿನ ಲಿಥಿಯಂ ಚಾರ್ಜರ್ 650, ಸೇರಿ 1850. ಇದರ ಮೇಲೆ ಕಾಫಿಗೆ ಕೆಟಲ್ ಹಾಕಿದರೆ 3350. ಆಗ ಚಾರ್ಜರನ್ನು ಐದು ನಿಮಿಷ ಆರಿಸಿ. ಚಾರ್ಜರಿನ ಕರೆಂಟನ್ನು 40ರಿಂದ 15ಕ್ಕೆ ಇಳಿಸುವ ಸೆಟ್ಟಿಂಗ್ ಇದ್ದರೆ ಸಣ್ಣ ಸಾಕೆಟ್ಟಿನಲ್ಲಿರುವಾಗ ಇಳಿಸಿಕೊಳ್ಳಿ. ವ್ಯಾಟ್ ತೋರಿಸುವ ಪುಟ್ಟ ಮೀಟರನ್ನು ವ್ಯಾನಿನ ಬೋರ್ಡಿನಲ್ಲಿ ಹಾಕಿಸಿದರೆ ಈ ಕೂಡಿ ಕಳೆಯುವ ಕೆಲಸ ತಪ್ಪುತ್ತದೆ.

ಮಾಲೀಕರಿಗೆ ಒಂದು ಪ್ರಶ್ನೆ ಕೇಳಿ: ‘ಇದು ಯುಪಿಎಸ್ ಲೈನಾ?’ ಗೇಟಿನ ಹತ್ತಿರದ ಪಾಯಿಂಟುಗಳು ಆಗಾಗ ಯುಪಿಎಸ್ ಮೇಲಿರುತ್ತವೆ. ಕರೆಂಟ್ ಹೋದಾಗ ನಿಮ್ಮ ಚಾರ್ಜರ್ ಅವರ ಬ್ಯಾಟರಿಯನ್ನು ಹಿಂಡಿ ನಿಮ್ಮ ಬ್ಯಾಟರಿಗೆ ತುಂಬುತ್ತಿರುತ್ತದೆ, ಹತ್ತು ನಿಮಿಷದಲ್ಲಿ ಇಬ್ಬರಿಗೂ ಕತ್ತಲೆ.

ವೋಲ್ಟೇಜ್ ಏರಿಳಿತ

ಹಳ್ಳಿ ಲೈನಿನ ಕೊನೆಯ ಮನೆಗಳಲ್ಲಿ ಸಂಜೆ 180ಕ್ಕೆ ಇಳಿಯುವುದು ಹೊಸದಲ್ಲ. ಚಾರ್ಜರ್, ದೀಪ ಸಹಿಸಿಕೊಳ್ಳುತ್ತವೆ. ಕಂಪ್ರೆಸರ್ ಸಹಿಸುವುದಿಲ್ಲ: ತಿರುಗಲಾರದೆ ಗುಂಯ್ ಅನ್ನುತ್ತ ಹೆಚ್ಚು ಕರೆಂಟ್ ಎಳೆದು ವೈಂಡಿಂಗ್ ಸುಡುತ್ತದೆ. ಸ್ಟೆಬಿಲೈಜರ್ ಹಾಕಿದರೆ ಎಸಿ ಓಡುತ್ತದೆ ನಿಜ, ಆದರೆ 1200 ವ್ಯಾಟಿಗೆ 230ರಲ್ಲಿ 5.2 ಆಂಪಿಯರ್ ಎಳೆಯುತ್ತಿದ್ದದ್ದು 170ರಲ್ಲಿ 7 ದಾಟುತ್ತದೆ. ಅಷ್ಟೂ ಹೊರೆ ಅದೇ ಬಡಪಾಯಿ ಸಾಕೆಟ್ಟಿನ ಮೇಲೆ.

ಇಳಿತಕ್ಕಿಂತ ಏರಿಕೆ ಅಪಾಯ. ಟ್ರಾನ್ಸ್‌ಫಾರ್ಮರ್ ಬಳಿ ನ್ಯೂಟ್ರಲ್ ಸಡಿಲಾದರೆ ಒಂದು ಫೇಸಿನಲ್ಲಿ 300 ದಾಟುತ್ತದೆ, ದೀಪಗಳು ಒಮ್ಮೆ ಪ್ರಖರ ಒಮ್ಮೆ ಮಂಕಾಗುತ್ತವೆ. ಆರ್‌ಸಿಬಿಒ ಇದನ್ನು ತಡೆಯುವುದಿಲ್ಲ. ವ್ಯಾನಿನ ಬೋರ್ಡಿನಲ್ಲಿ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಕೂರಿಸಿ, ಕೆಳಮಿತಿ 180, ಮೇಲ್ಮಿತಿ 260, ಮರಳಿ ಬರಲು ಮೂರು ನಿಮಿಷದ ತಡ ಇಡಿ. ಆ ತಡ ಕಂಪ್ರೆಸರಿನ ಒಳಗಿನ ಒತ್ತಡ ಇಳಿಯಲಿ ಎಂದು. ದೀಪ ಹಾಗೆ ಏರಿಳಿಯುತ್ತಿದ್ದರೆ ಪ್ಲಗ್ ಕಿತ್ತು ಮನೆಯವರಿಗೂ ತಿಳಿಸಿ, ವಿದ್ಯುತ್ ಕಂಪನಿ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿಸಿ.

ವ್ಯಾನಿನೊಳಗೆ

ಇನ್‌ಲೆಟ್ಟಿನಿಂದ ಎರಡು ಮೀಟರ್ ಒಳಗೇ ಎರಡನೇ ಆರ್‌ಸಿಬಿಒ, ಅದರ ನಂತರ ವೋಲ್ಟೇಜ್ ಪ್ರೊಟೆಕ್ಟರ್, ಆಮೇಲೆ ಹೊರಗಿನ ಕರೆಂಟ್ ಮತ್ತು ಇನ್ವರ್ಟರ್ ನಡುವೆ ಡಬಲ್ ಪೋಲ್ ಚೇಂಜ್‌ಓವರ್ ಸ್ವಿಚ್. ಚಾಸಿಯನ್ನು ಅರ್ತ್ ಪಟ್ಟಿಗೆ 6 ಸ್ಕ್ವೇರ್ ಎಂಎಂ ತಂತಿಯಿಂದ ಬೋಲ್ಟ್ ಮಾಡಿ, ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗುವಂತೆ. ಚೇಂಜ್‌ಓವರ್ ಸರಿಯಾಗಿದೆಯೇ ಎಂದು ನೋಡಲು ಹೊರಗಿನ ಕೇಬಲ್ ತೆಗೆದು, ಇನ್ವರ್ಟರ್ ಆನ್ ಮಾಡಿ, ಇನ್‌ಲೆಟ್ಟಿನ ಪಿನ್ನುಗಳ ನಡುವೆ ಮೀಟರ್ ಹಿಡಿಯಿರಿ. ಸೊನ್ನೆ ಬರಬೇಕು. ಏನಾದರೂ ಬಂದರೆ ಆ ಬರಿ ಪಿನ್ನುಗಳಿಗೆ ಇನ್ವರ್ಟರ್ ಕರೆಂಟ್ ಹಿಂದಕ್ಕೆ ಹರಿಯುತ್ತಿದೆ.

ಪ್ಲಗ್ ಹಾಕಿದ ಕ್ಷಣವೇ ಆರ್‌ಸಿಬಿಒ ಬಿದ್ದರೆ, ಅಥವಾ ಹೋಟೆಲಿನ ಮೇನೇ ಬಿದ್ದು ರಿಸೆಪ್ಷನ್ ಕತ್ತಲಾದರೆ, ವ್ಯಾನಿನೊಳಗೆ ನ್ಯೂಟ್ರಲ್ಲೂ ಅರ್ತೂ ಎಲ್ಲೋ ಸೇರಿವೆ. ಮೊದಲು ಅನುಮಾನಿಸಬೇಕಾದದ್ದು ಇನ್ವರ್ಟರನ್ನು: ಕೆಲವು ಮಾದರಿಗಳು ಒಳಗೆ ಎರಡನ್ನೂ ಬೆಸೆದಿರುತ್ತವೆ. ಹೊರಗಿನ ಕರೆಂಟ್ ಬಂದಾಗ ಆ ಬೆಸುಗೆ ಬಿಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಕೆಟಲ್ ಅಥವಾ ಕಾಯಿಲ್ ಹಾಕಿದಾಗ ಮಾತ್ರ ಬಿದ್ದರೆ ಎಲಿಮೆಂಟಿನೊಳಗೆ ತೇವ ಸೇರಿದೆ. ಬೀಳುತ್ತದೆ ಎಂದು ಆರ್‌ಸಿಬಿಒ ಬೈಪಾಸ್ ಮಾಡುವ ಬದಲು ಕೆಟಲ್ ಬದಲಿಸಿ.

ಹೊರಡುವಾಗ ಕ್ರಮ ತಿರುವುಮುರುವು: ಲೋಡ್ ಆಫ್, ವ್ಯಾನಿನ ಮೇನ್ ಆಫ್, ಗೋಡೆಯ ಸ್ವಿಚ್ ಆಫ್, ಗೋಡೆಯ ಪ್ಲಗ್ ಮೊದಲು, ವ್ಯಾನಿನ ಪ್ಲಗ್ ಕೊನೆಗೆ. ಕೇಬಲನ್ನು ಒಣಬಟ್ಟೆಯಲ್ಲಿ ಒರೆಸುತ್ತ ಸುತ್ತಿದರೆ ಎಲ್ಲಿ ಸೀಳಿದೆ, ಎಲ್ಲಿ ಇಲಿ ಕಡಿದಿದೆ ಎಂಬುದು ಕೈಗೆ ತಾಗುತ್ತದೆ. ಸೀಳಿದ ಜಾಗಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ ಮುಂದುವರಿಸಬೇಡಿ. ಅಲ್ಲಿಗೇ ಕತ್ತರಿಸಿ ಚಿಕ್ಕ ಕೇಬಲ್ ಮಾಡಿಕೊಳ್ಳಿ.